ಅಕ್ಕನ ನಿದ್ದೆ

ದೇವರಾಯಸಮುದ್ರ
೧೪-೨-೧೯೪೩, ಭಾನುವಾರ

ಚಿರಂಜೀವಿ ಆವಲಪ್ಪನಿಗೆ,

ಅಕ್ಕ ವೆಂಕಟರತ್ನಮ್ಮ ಇಲ್ಲಿಂದಲೇ ನಿನ್ನ ತಲೆ ಸವರಿ ಮಾಡುವ ಆಶೀರ್ವಾದ. ನೀನು ಹಡಗು ಹತ್ತುವ ಮುಂಚೆ ಬರೆದ ಕಾಗದವೂ ಬಂತು, ಹಡಗು ಇಳಿದ ಮೇಲೆ ಬರೆದದ್ದೂ ಬಂತು. ಯಾವ ದೇಶ ಅಂತ ಬರೆಯುವ ಹಾಗಿಲ್ಲ ಅಂದಿದ್ದೀಯ, ಇರಲಿ. ಮರಳು, ಬಿಸಿಲು, ಲಾರಿ ಅಂತ ಬರೆದಿದ್ದೀಯಲ್ಲ, ನನಗೆ ಅಷ್ಟು ಸಾಕು. ನಿನ್ನ ಭಾವ ನನ್ನ ಕೈಲಿ ಓದಿಸಿಕೊಂಡು ಕೇಳಿ, ನಮ್ಮ ಹುಡುಗ ದಂಡಿನ ಲಾರಿ ಓಡಿಸ್ತಾನೆ ಅಂತ ಕೆರೆ ಕಟ್ಟೆ ಮೇಲೆ ಕೂತವರಿಗೆಲ್ಲ ಹೇಳಿ ಬಂದರು.

ಉತ್ತರ ಇಷ್ಟು ತಡವಾಯಿತು. ಅಕ್ಕ ಮರೆತಳು ಅಂದುಕೋಬೇಡ. ನನ್ನ ಬೆರಳುಗಳು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ, ಅವುಗಳ ನಡುವೆ ಲೇಖನಿ ನಿಲ್ಲುತ್ತಲೇ ಇರಲಿಲ್ಲ. ನಿಂತರೂ ಅಕ್ಷರ ನೆನಪಿಗೆ ಬರುತ್ತಿರಲಿಲ್ಲ. ಕೂಲಿಮಠದ ಮೇಷ್ಟ್ರು ಸುಬ್ಬರಾಯಪ್ಪನವರ ಮಗಳು, ಮರಳಿನ ಮೇಲೆ ಬೆರಳು ಹಿಡಿಸಿ ಅಪ್ಪ ತಿದ್ದಿಸಿದ ಅಕ್ಷರ! ಆದರೂ ನಿನ್ನ ಹೆಸರು ಬರೆಯಲು ಕೂತು, ‘ಆವ’ ಅಂತ ಬರೆದು, ಮುಂದಿನದಕ್ಕೆ ತಡಕಾಡುತ್ತ ಕೂತಲ್ಲೇ ನಿದ್ದೆ ಹೋಗಿದ್ದೇನೆ. ಈಗ ಬರೆಯುತ್ತಿದ್ದೇನೆ ನೋಡು. ಸಾಲು ಸ್ವಲ್ಪ ಡೊಂಕು. ಆದರೆ ಇದು ನನ್ನ ಕೈಯ ಬರಹವೇ.

ನನ್ನ ಮೈಗೆ ಏನಾಗಿತ್ತು ಅಂತ ನಿನಗೆ ಯಾರೂ ಹೇಳಿಲ್ಲ. ನಾನೇ ಹೇಳಗೊಡಲಿಲ್ಲ. ಶ್ರೀನಿವಾಸಪುರದಲ್ಲಿ ಅಪ್ಪನಿಗೂ ತಿಳಿಸಲಿಲ್ಲ. ನಮ್ಮ ಅಕ್ಕಯಮ್ಮ ಹುಟ್ಟಿದಾಗ ನೀನು ಬಂದು ತೊಟ್ಟಿಲು ಕಟ್ಟಿಕೊಟ್ಟು ಹೋದೆಯಲ್ಲ, ಅದಾದ ಮೇಲೆ ಶುರುವಾಯಿತು. ಮೊದಲು ಚಳಿ. ಎಲ್ಲರೂ ಬೀಸಣಿಗೆ ಹುಡುಕುವಾಗ ನಾನು ಕಂಬಳಿ ಹೊದೆಯುತ್ತಿದ್ದೆ. ಆಮೇಲೆ ನಿದ್ದೆ. ಕಸ ಗುಡಿಸುತ್ತ ಪೊರಕೆ ಹಿಡಿದೇ ನಿದ್ದೆ. ತಲೆ ಬಾಚಿದರೆ ಕೂದಲು ಹಿಡಿಹಿಡಿಯಾಗಿ ಕೈಗೆ ಬರೋದು. ಹುಬ್ಬಿನ ತುದಿ ಉದುರಿತು. ಮುಖ ಊದಿತು, ದನಿ ಒಡೆದು ಗಂಡಸಿನ ದನಿಯಾಯಿತು. ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಹೊಟ್ಟೆ. ಒಂದು ಮುದ್ದೆ ಉಂಡರೆ ಮಾರನೇ ದಿನದವರೆಗೂ ಅಲ್ಲೇ ಕಲ್ಲಿನ ಹಾಗೆ ಕೂತಿರುತ್ತಿತ್ತು. ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡು, ಬಯಲಿಗೆ ಹೋಗೋದು ವಾರಕ್ಕೊಮ್ಮೆ, ಅದೂ ಹರಳೆಣ್ಣೆ ಕುಡಿದರೆ. ಓಮದ ಕಷಾಯ, ಬೆಳ್ಳುಳ್ಳಿ, ಇಂಗು, ಯಾರು ಏನು ಹೇಳಿದರೂ ನುಂಗಿದೆ. ಏನೂ ಕೆಲಸಕ್ಕೆ ಬರಲಿಲ್ಲ.

ಅತ್ತೆ ದೊಡ್ಡಮುನಿಯಮ್ಮ ನಿನಗೆ ಗೊತ್ತಲ್ಲ. ನನ್ನ ಮದುವೆಯಾದಾಗ ತಾಯಿಯಿಲ್ಲದ ತಮ್ಮನನ್ನೂ ಕರಕೊಂಡು ಬಾ ಅಂದು, ನಿನಗೆ ಆರು ವರ್ಷ ಅನ್ನ ಹಾಕಿದವರು. ಕೆಟ್ಟವರಲ್ಲ. ಆದರೆ ಕೋಳಿ ಕೂಗುವ ಮುಂಚೆ ಎದ್ದು ರಾಗಿ ಬೀಸಿ ಬೆಳೆದ ಹೆಂಗಸು, ಸೊಸೆ ಹಗಲಲ್ಲಿ ಮಲಗಿದರೆ ಅವರಿಗೆ ಏನು ಅರ್ಥವಾಗಬೇಕು? “ಕೂಸುಂಟೆ ನಿದ್ರ, ಪಡುಕುಂಟೆ ನಿದ್ರ” ಅಂತ ತೆಲುಗಿನಲ್ಲಿ ಶುರು ಮಾಡೋರು, ಕೂತರೂ ನಿದ್ದೆ, ಮಲಗಿದರೂ ನಿದ್ದೆ ಅಂತ. ಊರಿನಲ್ಲಿ ನನ್ನ ಹೆಸರೇ ನಿದ್ರಮೊಖಂ, ನಿದ್ದೆಮುಖದವಳು ಅಂತಾಯಿತು. ಬಾವಿಕಟ್ಟೆಯಲ್ಲಿ ಮಕ್ಕಳು ಹಾಗೆ ಕೂಗಿದರೆ ಕೊಡ ಇಟ್ಟು ತಿರುಗಿ ನೋಡುವುದಕ್ಕೂ ನನ್ನ ಕೈಲಿ ಆಗುತ್ತಿರಲಿಲ್ಲ.

ಇನ್ನೊಂದು ಸಂಗತಿ, ಹೆಂಗಸರ ಮಾತು. ತಮ್ಮನಿಗೆ ಬರೆಯುವಂಥದ್ದಲ್ಲ. ಆದರೆ ಅಮ್ಮ ಹೋದಾಗ ನೀನು ನನ್ನ ಸೊಂಟದ ಮೇಲಿನ ಕೂಸು, ನಿನ್ನ ಹತ್ತಿರ ನಾಚಿಕೆ ಏನು. ಹೋದ ವರ್ಷ ನನಗೆ ತಿಂಗಳ ಮುಟ್ಟು ನಿಂತಿತು, ಹೊಟ್ಟೆ ಮುಂದೆ ಬಂತು. ಅತ್ತೆಗೆ ಸಂಭ್ರಮವೋ ಸಂಭ್ರಮ. ಸುಸ್ತು, ನಿದ್ದೆ ಎಲ್ಲ ಬಸುರಿಗೇ ಅಂದುಕೊಂಡರು. ಊರ ಹೆಂಗಸರನ್ನು ಕರೆದು ನನಗೆ ಹಸಿರು ಬಳೆ ತೊಡಿಸಿದರು, ಮಡಿಲು ತುಂಬಿದರು. ನಾನೂ ನಂಬಿದೆ ಕಣೋ. ತಿಂಗಳು ತುಂಬಿ ಮೇಲೆ ಕಳೆದರೂ ನೋವು ಬರಲಿಲ್ಲ. ಸೂಲಗಿತ್ತಿಯನ್ನು ಕರೆಸಿದರು. ಅವಳು ಹೊಟ್ಟೆ ಒತ್ತಿ, ಬೆರಳಲ್ಲಿ ತಟ್ಟಿ ನೋಡಿ, ಇದರೊಳಗೆ ಗಾಳಿ ಬಿಟ್ಟರೆ ಏನೂ ಇಲ್ಲ ಅಂದಳು. ಅತ್ತೆ ಅವತ್ತು ಬಾಗಿಲು ಹಾಕಿಕೊಂಡು ಒಳಗೆ ಕೂತವರು, ಎಷ್ಟೋ ದಿನ ಯಾರ ಮನೆಗೂ ಹೋಗಲಿಲ್ಲ. ನಾನು ಬಳೆ ಒಂದೊಂದೇ ತೆಗೆದು ಗೋಡೆಯ ಮಾಡಿನಲ್ಲಿಟ್ಟೆ.

ಕಾರ್ತೀಕದಲ್ಲಿ ರೇಷ್ಮೆ ಹುಳ ಹಾಳಾಯಿತು. ಪೊರೆ ಬಿಡುವ ನಾಲ್ಕನೇ ಜ್ವರ ಎದ್ದ ಹುಳ ಎಷ್ಟು ಸೊಪ್ಪು ತಿನ್ನುತ್ತದೆ ಅಂತ ನೀನು ಬಲ್ಲೆ, ಮಳೆ ಬಂದ ಹಾಗೆ ಸದ್ದು ಮಾಡುತ್ತ ತಿನ್ನುತ್ತದೆ. ಮನೆಯವರೆಲ್ಲ ರಾಗಿ ಕೊಯ್ಲಿಗೆ ಹೋಗಿದ್ದರು. ಸೊಪ್ಪು ಹಾಕುವುದು ನನ್ನ ಪಾಲಿನ ಕೆಲಸ. ಸೊಪ್ಪಿನ ಕುಕ್ಕೆಗೆ ಒರಗಿ ಕೂತೆ, ಅಷ್ಟೇ ಗೊತ್ತು. ಅವರು ಬಂದು ಎಬ್ಬಿಸಿದಾಗ ಸೊಪ್ಪು ನನ್ನ ಬೆನ್ನ ಹಿಂದೆಯೇ ಬಾಡಿತ್ತು, ಹಸಿದ ಹುಳ ತಟ್ಟೆ ಬಿಟ್ಟು ಗೋಡೆ ಹತ್ತಿದ್ದವು. ನಿನ್ನ ಭಾವ ಸತ್ತ ಹುಳ ಬಾಚಿ ತಿಪ್ಪೆಗೆ ಹಾಕಿ ಬಂದರು.

ಅತ್ತೆ ಬರೆ ಹಾಕುವ ಮುನಿರಾಮಪ್ಪನನ್ನು ಕರೆಸಿದರು. ಹೊಟ್ಟೆ ಮೇಲೆ ಮೂರು ಬರೆ ಎಳೆದರೆ ಗಾಳಿಯೂ ಹೋಗತ್ತೆ, ಸೋಮಾರಿತನವೂ ಹೋಗತ್ತೆ ಅಂತ ಅವನ ಮಾತು. ಕಬ್ಬಿಣ ಒಲೆಯಲ್ಲಿ ಕೆಂಪಾಗುತ್ತಿತ್ತು. ಅದೆಲ್ಲಿಂದ ಬಂತೋ ಧೈರ್ಯ, ನಾನು ಎದ್ದು ನಿಂತು ಹೇಳಿದೆ: “ಮಾವಾ, ಆ ಕಬ್ಬಿಣ ನೀರಿಗೆ ಹಾಕಿ. ಇದಕ್ಕೆ ಏನಾಗಿದೆ ಅಂತ ಹೇಳೋರು ಸಿಕ್ಕಿದರೆ ಅವರಿಗೆ ನನ್ನ ಹೊಟ್ಟೆ ತೋರಿಸ್ತೀನಿ. ಸುಡೋರಿಗೆ ತೋರಿಸಲ್ಲ.” ಒಡೆದ ದನಿಯಲ್ಲಿ ಅದು ಗುಡುಗಿದ ಹಾಗೆ ಕೇಳಿಸಿರಬೇಕು, ಅವನು ಇಕ್ಕಳ ತಗೊಂಡು ಹೊರಟೇ ಹೋದ.

ಧನುರ್ಮಾಸದಲ್ಲಿ ನಾನೇ ಹಟ ಹಿಡಿದು ನಿನ್ನ ಭಾವನ ಜೊತೆ ಕೋಲಾರಕ್ಕೆ ಹೋದೆ. ಅಲ್ಲಿ ಹೆಂಗಸರನ್ನು ನೋಡುವ ಲೇಡಿ ಡಾಕ್ಟರು ಇದ್ದಾರೆ, ಶಾಮಲಮ್ಮ ಅಂತ, ಮದರಾಸಿನಲ್ಲಿ ಓದಿದವರು. ನಾನು ಒಳಗೆ ಕಾಲಿಟ್ಟ ಕೂಡಲೇ ಅವರು ಬರೆಯುವುದು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ನಾಡಿ ಹಿಡಿದರು. ಕಾಲಿನ ಚರ್ಮ ಒತ್ತಿ ನೋಡಿದರು. ಮಂಡಿಯೂರಿಸಿ ಹಿಮ್ಮಡಿಯ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಪಾದ ಥಟ್ಟನೆ ಎಗರಿ ನಿಧಾನವಾಗಿ ಇಳಿಯಿತು. ಚಳಿ ಎಷ್ಟು ದಿನದಿಂದ, ದನಿ ಯಾವಾಗ ಒಡೆಯಿತು, ಮಲ ಎಷ್ಟು ದಿನಕ್ಕೊಮ್ಮೆ ಅಂತ ಒಂದೊಂದಾಗಿ ಕೇಳಿದರು. ನಾನು ಎಲ್ಲ ಹೇಳಿ, ಕೊನೆಗೆ, ನಾನು ಬಲು ಸೋಮಾರಿ ಡಾಕ್ಟರಮ್ಮ, ಅದಕ್ಕೇನಾದರೂ ಔಷಧಿ ಇದ್ದರೆ ಕೊಡಿ ಅಂದೆ.

ಅವರು ನನ್ನ ಕೈ ಬಿಡದೆ ಹೇಳಿದರು: “ನೀನು ಸೋಮಾರಿ ಅಲ್ಲಮ್ಮ. ನಿನ್ನ ಗಂಟಲಲ್ಲಿ ಒಂದು ಗ್ರಂಥಿ ಇದೆ, ಥೈರಾಯಿಡ್ ಅಂತ. ಮೈಗೆಲ್ಲ ಬಿಸಿ ಕೊಡೋದು ಅದೇ. ಅದು ಕೆಲಸ ಬಿಟ್ಟಿದೆ. ನಿನ್ನ ಕರುಳಿಗೂ ನಿದ್ದೆ ಬಂದಿದೆ. ಇಷ್ಟರಲ್ಲೂ ನೀನು ನೀರು ಹೊತ್ತು, ಅಡಿಗೆ ಮಾಡಿ, ಮಗೂನ ನೋಡ್ಕೊಂಡಿದ್ದೀಯ. ಬೇರೆಯವರಾಗಿದ್ದರೆ ಹಾಸಿಗೆ ಬಿಟ್ಟು ಏಳ್ತಿರಲಿಲ್ಲ.”

ಆವಲಾ, ನಾನು ಆ ಮಾತನ್ನು ಬಸ್ಸಿನಲ್ಲಿ ಮನೆಗೆ ಬರುವ ತನಕ ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡು ಬಂದೆ. ಬೇರೆಯವರಾಗಿದ್ದರೆ ಏಳ್ತಿರಲಿಲ್ಲ!

ಮಾತ್ರೆ ಕೊಟ್ಟಿದ್ದಾರೆ. ಬಿಳಿಯರ ಸೀಮೆಯಿಂದ ಬರುವುದು, ಕುರಿಯ ಗಂಟಲಲ್ಲಿರುವ ಅದೇ ಗ್ರಂಥಿಯನ್ನು ಒಣಗಿಸಿ ಪುಡಿ ಮಾಡಿ ಕಟ್ಟಿದ್ದು. ಬದುಕಿರುವವರೆಗೂ ತಗೋಬೇಕು. ಅತ್ತೆಗೆ ನಾನು ಮುಚ್ಚಿಡಲಿಲ್ಲ, ಕುರಿಯದ್ದು ಅಂತ ಹೇಳಿಯೇ ಬಿಟ್ಟೆ. ತಿರುಪತಿಗೆ ಹರಕೆ ಹೊತ್ತು ಮಾಂಸ ಬಿಟ್ಟ ಮೇಲೆ ಅವರು ಈ ಮನೆಯ ಒಲೆಗೆ ಮೊಟ್ಟೆಯನ್ನೂ ಮುಟ್ಟಿಸಿಲ್ಲ. ಆ ಮಾತ್ರೆ ಹೊಸಿಲು ದಾಟಬಾರದು, ಹುಳದ ಮನೆಯಲ್ಲಿಟ್ಟುಕೊಂಡು ಅಲ್ಲೇ ನುಂಗು, ಲೋಟವೂ ಬೇರೆ ಇರಲಿ ಅಂದರು. ಆಗಲಿ ಅಂದೆ. ದಿನಾ ಬೆಳಗ್ಗೆ ಅಂಗಳ ದಾಟಿ ಹೋಗಿ ನುಂಗಿ ಬರುತ್ತೇನೆ. ಈಗ ಬೆವರುತ್ತೇನೆ ಕಣೋ! ಮೊನ್ನೆ ರಾಗಿ ಬೀಸುವಾಗ ಹಣೆ ಒದ್ದೆಯಾಯಿತು, ನಿನ್ನ ಭಾವನನ್ನು ಕೂಗಿ ತೋರಿಸಿದೆ.

ಮೈ ಕಡೆ ಜೋಪಾನ. ಲಾರಿ ನಿಧಾನವಾಗಿ ಓಡಿಸು.

ನಿನ್ನ ಅಕ್ಕ,
ವೆಂಕಟರತ್ನಮ್ಮ


ದೇವರಾಯಸಮುದ್ರ
೫-೯-೧೯೪೩

ಚಿ. ಆವಲಪ್ಪನಿಗೆ ಅಕ್ಕನ ಆಶೀರ್ವಾದ.

ಈ ಸಲವೂ ತಡ. ಮೂರು ಕಾಗದ ನಿನ್ನವು ಬಂದಿವೆ, ನನ್ನದು ಒಂದೂ ಹೋಗಿಲ್ಲ. ನಿನ್ನ ಕಡೆಯ ಕಾಗದದಲ್ಲಿ ಮಸಿ ಬಳಿದು ನಾಲ್ಕು ಸಾಲು ಅಳಿಸಿದ್ದಾರೆ. ನನ್ನದನ್ನೂ ಆ ಸೆನ್ಸಾರಿನವರು ಓದುತ್ತಾರಂತೆ. ಓದಲಿ. ಅವರ ಮನೆಯಲ್ಲೂ ಯಾರಿಗಾದರೂ ಈ ಕಾಯಿಲೆ ಇದ್ದರೆ ಉಪಯೋಗಕ್ಕೆ ಬರುತ್ತದೆ.

ಯುಗಾದಿಯ ಹೊತ್ತಿಗೆ ನಾನು ಅರ್ಧ ಮನುಷ್ಯಳಾಗಿದ್ದೆ. ಮುಖದ ಊತ ಇಳಿದಿತ್ತು, ಹೊಟ್ಟೆ ಒಂದು ದಿನ ಬಿಟ್ಟು ಒಂದು ದಿನ ತಾನಾಗಿ ಕೆಲಸ ಮಾಡುತ್ತಿತ್ತು. ನಗಬೇಡ, ಅದು ಎಷ್ಟು ದೊಡ್ಡ ಸುಖ ಅಂತ ಹೊಟ್ಟೆ ಕೆಟ್ಟವರಿಗೇ ಗೊತ್ತು. ಜ್ಯೇಷ್ಠದಲ್ಲಿ ಮಾತ್ರೆ ತರಲು ಹೋದರೆ ಡಾಕ್ಟರಮ್ಮ ಖಾಲಿ ಸೀಸೆ ತೋರಿಸಿದರು. ಯುದ್ಧದ ದೆಸೆಯಿಂದ ಸೀಮೆಯ ಹಡಗೇ ಬರುತ್ತಿಲ್ಲ, ಬೆಂಗಳೂರಿಗೆ ಬರೆದೆ, ಮದರಾಸಿಗೆ ಬರೆದೆ, ಎಲ್ಲೂ ಇಲ್ಲ ಅಂದರು. ನಾನು ಬರಿಗೈಲಿ ಬಂದೆ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಗ್ಗೆ ಮತ್ತೆ ಚಳಿಯಾಯಿತು. ಬಿಟ್ಟುಹೋದ ನೆಂಟ ಪೆಟ್ಟಿಗೆ ಸಮೇತ ವಾಪಸು ಬಂದ ಹಾಗೆ ಒಂದೊಂದೇ ಬಂತು. ನಿದ್ದೆ, ಊತ, ಹೊಟ್ಟೆ ಬಿಗಿತ. ದನಿ ಮತ್ತೆ ಇಳಿಯಿತು. ಆದರೆ ಈ ಸಲ ಒಂದು ಬೇರೆಯಾಗಿತ್ತು. ಅತ್ತೆ ಬೈಯಲಿಲ್ಲ. ಯುಗಾದಿಯಲ್ಲಿ ಒಬ್ಬಳೇ ಹೋಳಿಗೆಗೆ ರುಬ್ಬಿದ ಸೊಸೆ, ಈಗ ಗೋಡೆ ಹಿಡಿದು ನಡೆಯುವುದನ್ನು ಅವರು ಸುಮ್ಮನೆ ನೋಡುತ್ತಿದ್ದರು.

ನಾನು ತಿರುಗಿ ಕೋಲಾರಕ್ಕೆ ಹೋದೆ. ಶಾಮಲಮ್ಮನವರು, ಮಾತ್ರೆ ಹುಟ್ಟುವುದಕ್ಕೆ ಮುಂಚೆ ವೈದ್ಯರು ಮಾಡುತ್ತಿದ್ದ ಒಂದು ದಾರಿ ಇದೆ, ನಿನಗೆ ಆಗುತ್ತೋ ಇಲ್ಲವೋ ಅಂದರು. ಕುರಿಯ ಆ ಗ್ರಂಥಿಯನ್ನೇ ತಂದು, ಸಣ್ಣಗೆ ಹೆಚ್ಚಿ, ಹೆಂಚಿನ ಮೇಲೆ ಬೆಚ್ಚಗೆ ಮಾಡಿ, ಅವರು ಹೇಳಿದ ಅಳತೆಗೆ ಮೀರದೆ ತಿನ್ನುವುದು. ಪ್ರತಿ ಹದಿನೈದು ದಿನಕ್ಕೆ ಬಂದು ನಾಡಿ ತೋರಿಸಬೇಕು. ಆಗುತ್ತೆ ಅಂದೆ. ಅವರು ಒಂದು ಚೀಟಿಯ ಮೇಲೆ ಕುರಿಯ ಗಂಟಲಿನ ಚಿತ್ರ ಬರೆದು, ಗ್ರಂಥಿ ಇರುವ ಜಾಗಕ್ಕೆ ಸುತ್ತು ಹಾಕಿ ಕೊಟ್ಟರು. ಅದನ್ನು ನಿನ್ನ ಭಾವ ಮುಳಬಾಗಿಲಿನ ಮಾಂಸದಂಗಡಿ ಸಾಬರಿಗೆ ತೋರಿಸಿದರೆ ಅವರು ನಕ್ಕರಂತೆ, ಇದನ್ನು ನಾವು ನಾಯಿಗೆ ಎಸೀತೀವಲ್ಲಪ್ಪ ಅಂತ. ಯಾಕೆ ಅಂತ ಹೇಳಿದ ಮೇಲೆ ನಗು ನಿಲ್ಲಿಸಿ, ಸಂತೆಯ ದಿನ ತೆಗೆದಿಟ್ಟಿರ್ತೀನಿ ಅಂದರಂತೆ.

ಹುಳದ ಮನೆಯ ಹಿಂದೆ ಮೂರು ಕಲ್ಲು ಹೂಡಿ ನನ್ನದೇ ಒಲೆ ಮಾಡಿಕೊಂಡೆ. ಅದರ ವಾಸನೆ ಏನು ಹೇಳಲಿ. ಮೊದಲ ದಿನ ವಾಂತಿ. ಎರಡನೇ ಸಲ ಮೆಣಸು ಉಪ್ಪು ಹಾಕಿದೆ, ಆದರೂ ಗಂಟಲಿಗೆ ಇಳಿಯಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವವರು ಯಾರು? ಮುದ್ದೆ ಮುರಿದು, ಬೆರಳಲ್ಲಿ ಗುಳಿ ಮಾಡಿ, ಅದರೊಳಗೆ ಇಟ್ಟು, ಸೊಪ್ಪಿನ ಸಾರಿನಲ್ಲಿ ಹೊರಳಿಸಿ ನುಂಗಿಬಿಟ್ಟೆ. ಇಳಿಯಿತು. ಡಾಕ್ಟರಮ್ಮನಿಗೆ ಹೇಳಿದರೆ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಡುವೆ ಒಮ್ಮೆ ಗುಣ ಬೇಗ ಆಗಲಿ ಅಂತ ಅಳತೆ ಮೀರಿ ತಿಂದೆ. ಎದೆ ಜಟಕಾ ಕುದುರೆಯ ಹಾಗೆ ಓಡಿತು, ಕೈ ನಡುಗಿತು. ಚೆನ್ನಾಗಿ ಬೈಸಿಕೊಂಡೆ.

ಆಷಾಢದ ಕೊನೆಯಲ್ಲಿ ನಿನ್ನ ಭಾವನಿಗೆ ಚಳಿಜ್ವರ ಬಂತು. ಸಂತೆಗೆ ಹೋಗುವವರಿಲ್ಲ. ಒಂದು ವಾರ ತಪ್ಪಿತು, ಎರಡನೇ ವಾರವೂ ಅವರು ಏಳಲಿಲ್ಲ. ನಾನು ಹೋಗುತ್ತೇನೆ ಅಂತ ಹೊರಟು ಊರ ಬಾಗಿಲಲ್ಲೇ ಕೂತುಬಿಟ್ಟೆ, ಕಾಲು ಏಳಲಿಲ್ಲ. ಯಾರೋ ಕರೆತಂದು ಹುಳದ ಮನೆಯಲ್ಲಿ ಮಲಗಿಸಿದರು. ಇಳಿಹೊತ್ತಿಗೆ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಅತ್ತೆ. ಕೈಯಲ್ಲಿ ಮುತ್ತುಗದ ಎಲೆಯ ಪೊಟ್ಟಣ, ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದರು. ಮುಳಬಾಗಿಲಿಗೆ ನಡೆದುಕೊಂಡು ಹೋಗಿ, ಮಾಂಸದಂಗಡಿಯ ಮುಂದೆ ನಿಂತು, ಕೇಳಿ ತಂದಿದ್ದರು ಕಣೋ, ಆ ದೊಡ್ಡಮುನಿಯಮ್ಮ.

ನಾನು, ಅತ್ತೆ ನಿಮ್ಮ ಹರಕೆ, ಅಂದೆ. ಅವರು ಪೊಟ್ಟಣ ಕೆಳಗಿಟ್ಟು ಹೇಳಿದರು: “ಹರಕೆ ನಂದು, ಪಾಪ ಬಂದರೆ ಅದೂ ನಂದೇ. ಸ್ವಾಮಿ ಹತ್ತಿರ ನಾನು ಮಾತಾಡ್ಕೊಂತೀನಿ. ಇದು ನಿದ್ದೆ ಅಲ್ಲ ಅಂತ ಈಗ ಕಂಡೆ ತಾಯಿ. ನೀನು ತಿನ್ನು.” ಅಷ್ಟು ಹೇಳಿ ಕೆರೆಗೆ ಹೋಗಿ ಸೀರೆ ಸಮೇತ ಮುಳುಗಿ ಬಂದು ಒಳಗೆ ಹೋದರು.

ಆಮೇಲಿನ ಎರಡು ಸಂತೆಗೂ ಅವರೇ ಹೋದರು. ನಿನ್ನ ಭಾವ ಈಗ ಗುಣವಾಗಿದ್ದಾರೆ. ನಾನೂ ಏರುತ್ತಿದ್ದೇನೆ. ಈ ಕಾಗದ ಬರೆದದ್ದೇ ಸಾಕ್ಷಿ.

ಅಕ್ಕ


ದೇವರಾಯಸಮುದ್ರ
೨೩-೧-೧೯೪೪

ಚಿರಂಜೀವಿ ಆವಲಪ್ಪ,

ನಿನಗೆ ಆಯುಸ್ಸು ಆರೋಗ್ಯ ಕೊಟ್ಟು ಎಲ್ಲಿದ್ದರೂ ಆ ವೆಂಕಟರಮಣ ಕಾಯಲಿ. ಸಂಕ್ರಾಂತಿಗೆ ಬರೆಯಬೇಕಿತ್ತು, ವಾರ ತಡವಾಯಿತು. ಈ ಸಲದ ತಡಕ್ಕೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ. ನನಗೆ ಪುರುಸೊತ್ತಿರಲಿಲ್ಲ! ಈ ಮಾತು ಬರೆದು ಎಷ್ಟು ವರ್ಷವಾಯಿತು ಅಂತ ಯೋಚಿಸು.

ಕೇಳು. ದೀಪಾವಳಿ ಕಳೆದ ಮೇಲೆ ಬೆಂಗಳೂರಿನಿಂದ ಸ್ವಲ್ಪ ಮಾತ್ರೆ ಬಂದಿದೆ ಅಂತ ಶಾಮಲಮ್ಮನವರು ಹೇಳಿಕಳಿಸಿದರು. ಮತ್ತೆ ಅಂಗಳ ದಾಟಿ ಮಾತ್ರೆ ನುಂಗುವುದು ಶುರುವಾಯಿತು. ಈಗ ನಾನು ಮಾಡಿಕೊಂಡ ಕ್ರಮ ಇದು. ಬೆಳಗ್ಗೆ ಬರಿಹೊಟ್ಟೆಗೆ ಮಾತ್ರೆ, ಆಮೇಲೆ ಒಂದು ಚೊಂಬು ಬಿಸಿನೀರು, ತೋಟದ ಬದುವಿನ ಮೇಲೆ ನಡಿಗೆ. ಮುದ್ದೆ ಹಿಂದಿನದರ ಅರ್ಧ, ಸೊಪ್ಪು ಅದರ ಎರಡರಷ್ಟು. ಹೊಟ್ಟೆ ಪೂರಾ ಸರಿಹೋಗಿದೆ ಅಂತ ಸುಳ್ಳು ಹೇಳಲಾರೆ. ಇದು ಅವರೆಕಾಯಿ ಕಾಲ. ಮನೆಯೆಲ್ಲ ಸೊಗಡು, ಹಿತಕಿದ ಬೇಳೆ ಸಾರು ಕುದಿಯುತ್ತಿದ್ದರೆ ನನ್ನ ಗತಿ ಏನು ಹೇಳು. ಎರಡು ಚಮಚೆ ತಿಂದು ಎರಡು ದಿನ ಹೊಟ್ಟೆ ಉಬ್ಬಿಸಿಕೊಂಡು ಓಡಾಡಿದೆ. ತಪ್ಪು ಅಂತ ಗೊತ್ತು, ಮುಂದಿನ ವರ್ಷವೂ ತಿನ್ನುತ್ತೇನೆ. ಚಳಿಗೆ ಇನ್ನೂ ಎಲ್ಲರಿಗಿಂತ ಮುಂಚೆ ಕಂಬಳಿ ತೆಗೆಯುವವಳು ನಾನೇ. ಇದರ ಜೊತೆಯೇ ಬದುಕಬೇಕು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಬದುಕುತ್ತೇನೆ, ಅದೇನು ದೊಡ್ಡದು.

ದೊಡ್ಡದು ಬೇರೆ ಇದೆ. ಮಾರ್ಗಶಿರದಲ್ಲಿ ನಾನು ನಿನ್ನ ಭಾವನಿಗೆ, ಈ ಸಲದ ಹುಳ ನನಗೆ ಬಿಡಿ ಅಂದೆ. ಮೊಟ್ಟೆಯಿಂದ ಗೂಡಿನವರೆಗೆ ನಾನೇ, ಬೇರೆ ಯಾರೂ ತಟ್ಟೆ ಮುಟ್ಟಬಾರದು. ಅವರು ಅಮ್ಮನ ಕಡೆ ನೋಡಿದರು. ಅತ್ತೆ ಹುಳದ ಮನೆಯ ಬೀಗದಕೈ ತಂದು ನನ್ನ ಸೆರಗಿಗೆ ಕಟ್ಟಿದರು.

ಹಕ್ಕಿಯ ಗರಿಯಿಂದ ಮರಿಹುಳ ಎತ್ತಿ ತಟ್ಟೆಗೆ ಬಿಟ್ಟೆ. ಎಳೆ ಸೊಪ್ಪನ್ನು ಕೂದಲೆಳೆಯ ಹಾಗೆ ಹೆಚ್ಚಿದೆ. ಒಂದು ಜ್ವರ, ಎರಡು ಜ್ವರ, ಮೂರು ಜ್ವರ ದಾಟಿದವು. ಪಕ್ಕದ ಮನೆಯಲ್ಲಿ ಸುಣ್ಣಕಟ್ಟು ರೋಗ ಬಂದು ಹುಳ ಸೀಮೆಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಬಿರುಸಾಗಿ ಸತ್ತವು. ನಾನು ಬಾಗಿಲಿಗೆ ಸುಣ್ಣ ಹರಡಿ, ಕಾಲು ತೊಳೆಯದೆ ನಿನ್ನ ಭಾವನನ್ನೂ ಒಳಗೆ ಬಿಡಲಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಶುರುವಾಯಿತು ನೋಡು ಅವುಗಳ ಹಸಿವು. ಹಗಲಿಗೂ ರಾತ್ರಿಗೂ ವ್ಯತ್ಯಾಸವಿಲ್ಲ, ಸೊಪ್ಪು ತಾ, ಹಾಕು, ಕಸ ತೆಗೆ, ಮತ್ತೆ ತಾ. ನನಗೆ ಭಯ ಇರಲಿಲ್ಲ ಅಂತ ಹೇಳಲಾರೆ. ಕುಕ್ಕೆಗೆ ಒರಗಿ ಕೂರಲೇ ಇಲ್ಲ, ನಿಂತೇ ಇದ್ದೆ. ನಿದ್ದೆ ಬಂತು. ಆದರೆ ಅದು ಎಲ್ಲರಿಗೂ ಬರುವ ನಿದ್ದೆ, ಮುಖಕ್ಕೆ ನೀರು ಹಾಕಿಕೊಂಡರೆ ಹೋಗುವ ನಿದ್ದೆ. ಆ ವ್ಯತ್ಯಾಸ ಗೊತ್ತಾದಾಗ ಒಬ್ಬಳೇ ನಿಂತು ನಕ್ಕೆ.

ಹಣ್ಣಾದ ಹುಳ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಮಾತ್ರ ಅತ್ತೆ, ಕೈ ಹಾಕಲೇನೇ, ಅಂತ ಕೇಳಿಕೊಂಡು ಬಂದರು. ಬನ್ನಿ ಅಂದೆ. ಗೂಡು ಕಟ್ಟಿ ಮುಗಿದು ನೋಡಿದರೆ ಚಂದ್ರಿಕೆಯಲ್ಲಿ ಕಡ್ಡಿ ಕಾಣದ ಹಾಗೆ ಹಸಿರುಹಳದಿ ಗೂಡು. ಮುಟ್ಟಿದರೆ ಬೀಜದ ಹಾಗೆ ಗಟ್ಟಿ. ಈ ಊರಿನಲ್ಲಿ ಇಂಥ ಬೆಳೆ ಬಂದು ಎಷ್ಟೋ ಕಾಲವಾಯಿತಂತೆ. ದಂಡಿನವರು ವಿಮಾನದಿಂದ ಧುಮುಕುವಾಗ ಹಿಡಿಯುವ ಛತ್ರಿಗೆ ನಮ್ಮ ಮೈಸೂರು ಸೀಮೆಯ ರೇಷ್ಮೆಯೇ ಬೇಕಂತೆ, ಅದಕ್ಕೆ ಗೂಡು ಕೊಳ್ಳುವವರು ಮನೆ ಬಾಗಿಲಿಗೇ ಬರುತ್ತಾರೆ. ಬಂದವನೊಬ್ಬ ಒಂದು ಗೂಡು ಕಿವಿಯ ಹತ್ತಿರ ಅಲ್ಲಾಡಿಸಿ, ಇದು ಯಾರ ಸಾಕಣೆ ಅಂತ ನಿನ್ನ ಭಾವನನ್ನು ಕೇಳಿದ. ಅವರು ಬಾಯಿ ತೆರೆಯುವ ಮುಂಚೆ ಅತ್ತೆ ಜಗುಲಿಯಿಂದಲೇ ಹೇಳಿದರು, “ನನ್ನ ಮಗ ಸೊಣ್ಣಪ್ಪನ ಹೆಂಡತೀದು. ನಮ್ಮ ವೆಂಕಟರತ್ನದು. ಇನ್ಯಾರದು?”

ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸೀದುಹೋಯಿತು.

ಈಗ ಊರ ಹೆಂಗಸರು ತಮ್ಮ ಹುಳ ಬಂದು ನೋಡು ಅಂತ ಕರೆಯುತ್ತಾರೆ. ಹೋಗುತ್ತೇನೆ. ಬಾವಿಕಟ್ಟೆಯ ಮಕ್ಕಳು ಹಳೆಯ ಹೆಸರು ಮರೆತಿದ್ದಾರೆ. ಮೊನ್ನೆ ಮೇಲಿನ ಬೀದಿಯಲ್ಲಿ ಒಬ್ಬ ಹೊಸ ಸೊಸೆ, ಬಾಣಂತನ ಮುಗಿದು ವರ್ಷವಾಗಿಲ್ಲ, ಬಿಸಿಲಲ್ಲಿ ಕೂತು ನಡುಗುತ್ತಿದ್ದಳು. ಅವಳ ಅತ್ತೆ ಸೋಮಾರಿ ಅಂತ ಬಾಯಿ ತೆರೆದಳು. ನಾನು ಏನೂ ಹೇಳಬೇಕಾಗಿ ಬರಲಿಲ್ಲ. ನಮ್ಮ ಅತ್ತೆಯೇ ಆ ಹುಡುಗಿಯ ಹುಬ್ಬು ನೋಡಿ, ಕೈ ಮುಟ್ಟಿ, ಇವಳನ್ನು ಕೋಲಾರಕ್ಕೆ ಕರಕೊಂಡು ಹೋಗ್ರಮ್ಮ, ನಾನು ಜೊತೆಗೆ ಬರ್ತೀನಿ ಅಂದರು.

ಅಪ್ಪ ಸಂಕ್ರಾಂತಿಗೆ ಬಂದು ಹೋದರು. ಮಾವಿನ ಮರ ಈ ವರ್ಷ ಮೈತುಂಬ ಹೂ ಬಿಟ್ಟಿವೆಯಂತೆ. ಅಕ್ಕಯಮ್ಮ ಸ್ಲೇಟಿನ ಮೇಲೆ ನಿನ್ನ ಹೆಸರು ಬರೆಯುತ್ತಾಳೆ. ಅತ್ತೆ ನಿನಗೆ ಆಶೀರ್ವಾದ ಹೇಳಿದ್ದಾರೆ, ಹುಡುಗ ಹೊಟ್ಟೆ ತುಂಬ ತಿನ್ನಲಿ ಅಂದಿದ್ದಾರೆ. ನಿನ್ನ ಭಾವ ಲಾರಿಯ ಗಾಲಿ ಎಷ್ಟು ಅಂತ ಕೇಳಿದ್ದಾರೆ.

ನೂರು ಕಾಲ ಬಾಳು ನನ್ನಪ್ಪ. ಯುದ್ಧ ಮುಗಿಸಿ ಬೇಗ ಬಾ.

ನಿನ್ನ ಅಕ್ಕ,
ವೆಂಕಟರತ್ನಮ್ಮ

ಮತ್ತೊಂದು ಮಾತು. ಹಡಗಿಗೆ ಹೊರಟ ದಿನ ಕೋಲಾರದವರೆಗಾದರೂ ಬಂದು ಯಾಕೆ ನೋಡಲಿಲ್ಲ ಅಂತ ನೀನು ಎರಡು ಸಲ ಕೇಳಿದ್ದೀಯ. ಉತ್ತರ ಬರೆಯದೆ ಬಿಟ್ಟಿದ್ದೆ. ನಾನು ಬಂದಿದ್ದೆ ಕಣೋ. ತಂತಿ ಬಂದು ರಜೆ ಕಡಿತವಾಯಿತು, ದೇವರಾಯಸಮುದ್ರಕ್ಕೆ ಬರಲು ಆಗಲ್ಲ, ಬುಧವಾರ ಕೋಲಾರದ ಮೇಲೆ ಹೋಗುತ್ತಾನೆ ಅಂತ ಅಪ್ಪನ ಕಾರ್ಡು ಬಂದಿತ್ತು. ಹುರಿಹಿಟ್ಟಿನ ಗಂಟು ಕಟ್ಟಿಕೊಂಡು ಒಬ್ಬಳೇ ಬಂದು, ಶ್ರೀನಿವಾಸಪುರದ ಬಸ್ಸು ನಿಲ್ಲುವಲ್ಲಿ ಬೆಳಗಿನಿಂದ ನಿಂತಿದ್ದೆ. ನೀನು ನನ್ನ ಕಣ್ಣೆದುರಿಗೇ ಇಳಿದೆ, ಖಾಕಿ ಬಟ್ಟೆ, ಭುಜದ ಮೇಲೆ ಟ್ರಂಕು. ನಾನು ‘ಆವಲಾ’ ಅಂದೆ. ಆಗ ದನಿ ನನ್ನದಾಗಿರಲಿಲ್ಲವಲ್ಲ, ಆ ಗದ್ದಲದಲ್ಲಿ ನಿನಗೆ ಕೇಳಲಿಲ್ಲ. ನೀನೇ ನನ್ನ ಹತ್ತಿರ ಬಂದು, ನನ್ನ ಮುಖ ನೋಡಿ, “ಅಜ್ಜೀ, ಬೆಂಗಳೂರಿನ ಬಸ್ಸು ಎಲ್ಲಿ ನಿಲ್ಲತ್ತೆ?” ಅಂತ ಕೇಳಿದೆ. ನನಗೆ ಮೂವತ್ತು ತುಂಬಿರಲಿಲ್ಲ. ನಾನು ಕೈ ಎತ್ತಿ ತೋರಿಸಿದೆ. ನೀನು ಕೈ ಮುಗಿದು ಹೋದೆ.

ಆ ಸಂಜೆಯೇ ನಿನ್ನ ಭಾವನಿಗೆ ನನ್ನನ್ನು ಆಸ್ಪತ್ರೆಗೆ ಕರಕೊಂಡು ಹೋಗಿ ಅಂದದ್ದು. ಯಾಕೆ ಅಂತ ಅವರಿಗೂ ಹೇಳಿಲ್ಲ. ಮುಖ ವಾಪಸು ಬರಲಿ, ಆಮೇಲೆ ನಿನಗೆ ಬರೆಯೋಣ ಅಂತ ಇಷ್ಟು ದಿನ ಕಾದೆ. ಈಗ ಬಂದಿದೆ. ಕೋಲಾರದಲ್ಲಿ ತೆಗೆಸಿದ ಫೋಟೋ ಇದರೊಳಗೆ ಇಟ್ಟಿದ್ದೇನೆ, ಜೇಬಿನಲ್ಲಿಟ್ಟುಕೋ. ನೀನು ನೊಂದುಕೊಳ್ಳಬೇಡ. ಅವತ್ತು ನಿನ್ನ ಬೆನ್ನು ನೋಡುತ್ತ ನಿಂತಾಗ ನನಗೆ ಮೊದಲು ಬಂದದ್ದು ಹೆಮ್ಮೆಯೇ. ನನ್ನ ಕೂಸು ಎಷ್ಟು ಎತ್ತರ ಬೆಳೆದಿದ್ದಾನೆ, ಗುರುತಿಲ್ಲದ ಮುದುಕಿಗೂ ಎಷ್ಟು ಮರ್ಯಾದೆಯಿಂದ ಕೈ ಮುಗಿದ ಅಂತ. ಅಳು ಬಂದದ್ದು ಬಸ್ಸು ಹೋದ ಮೇಲೆ.